ಕೋಟೆ ಮೈದಾನದ ಹೊರಗೆ ಕೂತವರು

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿಗೆ ಈಗಲೂ ಚಪ್ಪರ ಏಳುತ್ತದೆ. ಹೆಸರಾಂತ ವಿದ್ವಾಂಸರು ಈಗಲೂ ಬಂದು ಹಾಡುತ್ತಾರೆ. ಆದರೂ ಅಲ್ಲಿ ಏನೋ ಸೊರಗಿದೆ ಎಂದು ಹಳೆಯ ರಸಿಕರು ಹೇಳಿದರೆ ವಯಸ್ಸಾದವರ ಗೊಣಗಾಟವೆಂದು ತಳ್ಳಿಹಾಕಬೇಡಿ. ಕಾಂಪೌಂಡಿನ ಹೊರಗಿನ ರಸ್ತೆ ಸೊರಗಿದೆ. ರಾತ್ರಿ ಹತ್ತರ ಮೇಲಿನ ಸಂಗೀತ ಸೊರಗಿದೆ. ಎರಡಕ್ಕೂ ನಂಟಿದೆ.

ಈ ಉತ್ಸವ ನಡೆಸುವ ಶ್ರೀ ರಾಮಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಕಟ್ಟಿದ ಎಸ್.ವಿ. ನಾರಾಯಣಸ್ವಾಮಿ ರಾವ್ ಆಗಿನ್ನೂ ಹುಡುಗ. ಮುಂದೆ ಚೆಂಬೈ, ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳೀಕೃಷ್ಣ ಎಲ್ಲರೂ ಆ ವೇದಿಕೆಗೆ ಬಂದರು. ಪಾನಕ, ಕೋಸಂಬರಿಯ ಕಾಲದಲ್ಲಿ ವಾರಗಟ್ಟಲೆ ಕಚೇರಿ. ಚಪ್ಪರದೊಳಗೆ ಟಿಕೆಟ್ಟು, ಹೊರಗಿನ ಫುಟ್‌ಪಾತು ಎಲ್ಲರದು. ಹಳೆ ಪೇಪರ್ ಹಾಸಿಕೊಂಡು ಕೂತರೆ ಒಳಗಿನ ಸಂಗೀತವೇ ಹೊರಗೂ ಸಿಗುತ್ತಿತ್ತು.

ಹಾಗೆ ಕೂರುತ್ತಿದ್ದ ಒಬ್ಬರ ನೆನಪು ನನಗೆ ಚೆನ್ನಾಗಿದೆ. ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಬಾಗಿಲು ಹಾಕಿಕೊಂಡು ಮೈದಾನ ತಲುಪುವಾಗ ಎಂಟೂವರೆ. ವರ್ಣ, ಮೊದಲೆರಡು ಕೃತಿಗಳು ಅವರ ಪಾಲಿಗಿಲ್ಲ. ಅದಕ್ಕೆ ಬೇಸರವೂ ಇರಲಿಲ್ಲ. ಬರುತ್ತಿದ್ದದ್ದೇ ರಾಗ–ತಾನ–ಪಲ್ಲವಿಗೆ. ಕಣ್ಣು ಮುಚ್ಚಿ, ಬಲ ತೊಡೆಯ ಮೇಲೆ ತಾಳ ಹಾಕುತ್ತ ಕೂತರೆ ಪಕ್ಕದಲ್ಲಿ ಲಾರಿ ಹೋದರೂ ಅಲ್ಲಾಡರು. ಗಾಯಕರು ಪಲ್ಲವಿಯ ಸಾಲನ್ನು ಮೂರು ಕಾಲಗಳಲ್ಲಿ ಹಾಡಿ ಎಡುಪಿಗೆ, ಅಂದರೆ ತಾಳದಲ್ಲಿ ಆ ಸಾಲು ಶುರುವಾದ ಜಾಗಕ್ಕೆ, ಸರಿಯಾಗಿ ಬಂದು ನಿಂತಾಗ ಮಾತ್ರ ಕಣ್ಣು ತೆರೆದು, ಅಕ್ಕಪಕ್ಕದವರ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಚಪ್ಪರದ ಮೊದಲ ಸಾಲಿನಲ್ಲಿ ಅಷ್ಟು ಲಕ್ಷ್ಯವಿಟ್ಟು ಕೇಳುವವರು ಎಷ್ಟು ಜನ ಇದ್ದರೋ ಹೇಳಲಾರೆ.

ಇಂಥವರಿಗೆ ಆ ಜಾಗ ಒದಗುತ್ತಿದ್ದದ್ದು ಕಚೇರಿ ನಡುರಾತ್ರಿಯ ಹತ್ತಿರದವರೆಗೂ ಹೋಗುತ್ತಿದ್ದುದರಿಂದ. ಕೆಲಸ ಮುಗಿಸಿ ತಡವಾಗಿ ಬಂದವನಿಗೂ ಕಚೇರಿಯ ತಿರುಳು ಉಳಿದಿರುತ್ತಿತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಬಂದ ಮೇಲೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ಸಭಾಂಗಣದಂಥ ಮುಚ್ಚಿದ ಜಾಗಕ್ಕೆ ವಿನಾಯಿತಿ ಉಂಟು. ಗೋಡೆಯಿಲ್ಲದ ಚಪ್ಪರಕ್ಕಿಲ್ಲ.

ಇದರ ಪೆಟ್ಟು ಬಿದ್ದದ್ದು ಸಂಗೀತದ ಮೈಗೇ. ಗಡಿಯಾರ ನೋಡುತ್ತ ಹಾಡುವವರು ತೋಡಿಯನ್ನೋ ಕಾಂಬೋಧಿಯನ್ನೋ ನಿಧಾನವಾಗಿ ಬೆಳೆಸುವುದು ಹೇಗೆ? ಮೊದಲು ಕತ್ತರಿ ಬೀಳುವುದು ತಾನಕ್ಕೆ, ಆಮೇಲೆ ತನಿ ಆವರ್ತನಕ್ಕೆ. ಮೃದಂಗ ಮತ್ತು ಘಟ ಒಂದಕ್ಕೊಂದು ಉತ್ತರ ಕೊಡುತ್ತ ಇನ್ನೇನು ಕಾವೇರಬೇಕು, ಅಷ್ಟರಲ್ಲಿ ಮುಕ್ತಾಯದ ಕೋರ್ವೆ ಹಾಕಿ ಮುಗಿಸಿಬಿಡುತ್ತಾರೆ. ಅತಿಥಿಗಳ ಭಾಷಣ, ಶಾಲು–ಹಾರಗಳಿಗೆ ಹೋಗುವ ಹೊತ್ತೂ ಇದರಲ್ಲೇ ಸೇರಿಕೊಳ್ಳುತ್ತದೆ. ಅದನ್ನು ಮಾತ್ರ ಯಾವ ಸಭೆಯೂ ಕಡಿಮೆ ಮಾಡುವುದಿಲ್ಲ. ಇನ್ನು ರಸ್ತೆಯಲ್ಲಿ ಕೂರುವ ಮಾತೇ ಬೇಡ. ಪೇಪರ್ ಹಾಸುತ್ತಿದ್ದ ಕಡೆ ಸ್ಕೂಟರುಗಳು ನಿಂತಿವೆ, ಹಾರ್ನಿನ ನಡುವೆ ಗಮಕ ಕೇಳಿಸದು.

ನಿಯಮದಲ್ಲಿ ಒಂದು ಸಡಿಲಿಕೆಯಿದೆ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಅನುಮತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರ್‌ವರೆಗಿನ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು, ಅಲ್ಲಿ ಈ ಸಡಿಲಿಕೆ ನಡೆಯದು. ಕೋಟೆ ಮೈದಾನವೇ ಶಾಲೆಯದು, ವಾಣಿವಿಲಾಸ ಆಸ್ಪತ್ರೆಯೂ ದೂರವಿಲ್ಲ. ಬಾಣಂತಿಯರ, ರೋಗಿಗಳ ನಿದ್ದೆ ಕೆಡಿಸಿ ಪಲ್ಲವಿ ಕೇಳಬೇಕೆಂದು ನಾನು ಹೇಳಲಾರೆ. ಆ ವಿನಾಯಿತಿ ಬೇರೆ ಬಡಾವಣೆಗಳ ರಾಮೋತ್ಸವಗಳಿಗೆ ಸಿಗಲಿ.

ಕೋಟೆ ಮೈದಾನಕ್ಕೆ ಬೇರೆ ದಾರಿಯಿದೆ. ಹತ್ತಕ್ಕೆ ಮೈಕ್ ಆರಿಸಿ. ಮನೆಗೆ ಹೋಗುವವರು ಹೋಗಲಿ. ಉಳಿದವರು ಕುರ್ಚಿ ಬಿಟ್ಟು ವೇದಿಕೆಯ ಹತ್ತಿರ ಬಂದು ಜಮಖಾನೆಯ ಮೇಲೆ ಕೂರಲಿ. ಬರಿ ಕಂಠ, ಪಿಟೀಲು, ಮೃದಂಗ. ಮೈಕಿಲ್ಲದ ಕಾಲದಲ್ಲಿ ಬೆಳೆದ ಸಂಗೀತವಿದು, ನೂರಾರು ಜನರಿಗೆ ಕೇಳಿಸುವಷ್ಟು ಬಲ ಅದಕ್ಕಿದೆ. ಆ ಹೊತ್ತಿಗೆ ಬಂದವರಿಗೆ ಟಿಕೆಟ್ ಕೇಳದೆ ಒಳಗೆ ಬಿಡಬೇಕು. ಒಂದು ಉತ್ಸವದಲ್ಲಿ ಒಂದೆರಡು ಶನಿವಾರ ಹೀಗೆ ನಡೆದರೂ ಸಾಕು. ಸಭೆಗಳನ್ನು ನಡೆಸುವವರು ಇದನ್ನು ಯೋಚಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಓದುಗರಲ್ಲೂ ಒಂದು ಕೋರಿಕೆ: ಈ ಸಲದ ರಾಮನವಮಿಗೆ ಹೋಗಿ, ತನಿ ಆವರ್ತನ ಶುರುವಾದೊಡನೆ ಕಾಫಿಗೆಂದು ಏಳಬೇಡಿ.