ಕಥೆ ಹೇಳೋಕೆ ಬಾರದವರ ಹಬ್ಬ

ಅಕ್ಟೋಬರ್ ಬಂತು ಅಂದ್ರೆ ಬೆಂಗಳೂರಿನ ಆಫೀಸುಗಳಲ್ಲಿ ಒಂದು ಎಕ್ಸೆಲ್ ಶೀಟ್ ಓಡಾಡೋಕೆ ಶುರುವಾಗುತ್ತೆ. ದೀಪಾವಳಿಗೆ ಒಂದು ಬಡ ಕುಟುಂಬವನ್ನು ಸ್ಪಾನ್ಸರ್ ಮಾಡಿ ಅಂತ. ಸಾಲಿಗೊಂದು ಕುಟುಂಬ. ಮಕ್ಕಳೆಷ್ಟು, ಮನೆ ಎಂಥದ್ದು, ಬಿಪಿಎಲ್ ಕಾರ್ಡ್ ಇದೆಯಾ, ಕೊನೇ ಕಾಲಮ್ಮಿನಲ್ಲಿ ಫೋಟೋ ಮತ್ತು ನಾಲ್ಕು ಸಾಲಿನ ಕಥೆ. ನಾವು ಕಾಫಿ ಕುಡೀತಾ ಸ್ಕ್ರಾಲ್ ಮಾಡಿ ಒಬ್ಬರನ್ನು ಆರಿಸ್ಕೋತೀವಿ. ಮಾಡೋರ ಮನಸ್ಸು ಒಳ್ಳೇದೇ. ನನ್ನ ತಕರಾರು ಆ ಕಾಲಮ್ಮುಗಳ ಬಗ್ಗೆ.

ಈ ಶೀಟನ್ನು ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತಗೊಂಡು ಹೋಗಿ ನೋಡಿ. ಅಡಿಕೆಗೆ ಹಳದಿ ಎಲೆ ರೋಗ ಬಂದು ಇಲ್ಲಿ ದಶಕಗಳೇ ಆದವು. ಎಲೆ ತುದಿಯಿಂದ ಹಳದಿಯಾಗ್ತಾ ಬರುತ್ತೆ, ಕಾಯಿ ಉದುರುತ್ತೆ, ಉಳಿದದ್ದರ ತಿರುಳು ಮೆತ್ತಗಾಗಿ ಕಪ್ಪಾಗುತ್ತೆ. ಕೇರಳದಲ್ಲಿ ಈ ರೋಗ ಕಂಡಿದ್ದು 1914ರಲ್ಲಿ. ವಾಸಿ ಮಾಡೋ ಔಷಧಿ ಇವತ್ತಿಗೂ ಇಲ್ಲ. ಮರ ತಕ್ಷಣ ಸಾಯೋದೂ ಇಲ್ಲ. ಹಾಗಾಗಿ ಪಹಣಿಯಲ್ಲಿ ಎರಡೆಕರೆ ಅಡಿಕೆ ತೋಟ ಅಂತಲೇ ಇರುತ್ತೆ. ಹೆಂಚಿನ ಮನೆ, ದೊಡ್ಡ ಅಂಗಳ, ಕೊಟ್ಟಿಗೆ. ಫೋಟೋ ನೋಡಿದ್ರೆ ನಮ್ಮ ಟೀಮಿನವರು ಹೋಮ್‌ಸ್ಟೇ ಅಂದ್ಕೊಂಡು ಬಾಡಿಗೆ ಕೇಳ್ತಾರೆ. ಒಳಗೆ ಸೊಸೈಟಿ ಸಾಲ, ಅಡವಿಟ್ಟ ಬಳೆ. ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷ ದಾಟಬಾರದು ಅನ್ನೋ ಲೆಕ್ಕ ಆದಾಯ ಅಳೆಯುತ್ತೆ, ಸಾಲ ಅಳೆಯಲ್ಲ. ಹಬ್ಬಕ್ಕೆ ಏನಾದ್ರೂ ಬೇಕಾ ಅಂತ ಕೇಳಿದ್ರೆ ಆ ಮನೆಯ ಅಮ್ಮ, "ಎಂತದೂ ಬೇಡ ಮಾರಾಯ, ಕಾಫಿ ಕುಡ್ದು ಹೋಗು" ಅಂತಾರೆ. ಈ ಉತ್ತರ ಬರ್ಕೊಳ್ಳೋಕೆ ಕಾಲಮ್ ಇಲ್ಲ.

ಹಾಗಂತ ತೋಟದವರೇ ನಿಜವಾದ ಬಡವರು ಅಂತಲ್ಲ. ತೋಟ ಹೋದಾಗ ಅವರಿಗಿಂತ ಮೊದಲು ಬರಿಗೈ ಆಗೋರು ಕೊನೆ ತೆಗೆಯೋರು, ಅಡಿಕೆ ಸುಲಿಯೋ ಹೆಂಗಸರು. ಕೊಯ್ಲೇ ಇಲ್ಲದ ಮೇಲೆ ಕೂಲಿ ಎಲ್ಲಿಂದ? ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಹೊರಗಿನಿಂದ ದುಡಿಯೋಕೆ ಬಂದವರಿದ್ದಾರೆ, ರೇಷನ್ ಕಾರ್ಡ್ ಇದ್ರೂ ಅದು ಹುಟ್ಟೂರಿನದು. ಅವರೂ ಶೀಟಿನಲ್ಲಿ ಸಿಗಲ್ಲ. ಸಿಗೋರು ರಸ್ತೆ ಪಕ್ಕದವರು, ಲಿಸ್ಟ್ ಬರೆಯೋರ ಪರಿಚಯದವರು, ಕಥೆ ಚೆನ್ನಾಗಿ ಹೇಳಬಲ್ಲವರು. ಜೀಪು ಹತ್ತದ, ಸಿಗ್ನಲ್ ಸಿಗದ ಕಡೆ ಇರೋರ ಫೋಟೋ ಯಾರು ಅಪ್‌ಲೋಡ್ ಮಾಡ್ತಾರೆ?

ಇನ್ನು ನಾವು ಆರಿಸೋ ರೀತಿ. ನಗ್ತಾ ಇರೋ ಪುಟ್ಟ ಹೆಣ್ಣುಮಕ್ಕಳ ಸಾಲು ಮೊದಲು ಬುಕ್ ಆಗುತ್ತೆ. ಗಂಡ ಕುಡಿಯೋ ಮನೆ, ಒಬ್ಬನೇ ಇರೋ ಅರವತ್ತರ ಗಂಡಸು, ಕೊನೆವರೆಗೂ ಉಳೀತಾರೆ. ಇದು ಅಗತ್ಯ ನೋಡಿ ಆರಿಸಿದ್ದಲ್ಲ, ಯಾರಿಗೆ ಕೊಟ್ರೆ ನಮಗೆ ಖುಷಿ ಅಂತ ನೋಡಿ ಆರಿಸಿದ್ದು. ಮಲೆನಾಡಿನಲ್ಲಿ ದೀಪಾವಳಿ ರಾತ್ರಿ ದೀಪ ಹಿಡ್ಕೊಂಡು ಹಾಡ್ತಾ ಬರೋ ಅಂಟಿಗೆ-ಪಂಟಿಗೆಯವರು ಮನೆಮನೆಗೂ ಹೋಗ್ತಾರೆ, ಫೋಟೋ ನೋಡಿ ಬಾಗಿಲು ಆರಿಸಲ್ಲ.

ದುಡ್ಡು ಎಲ್ಲರಿಗೂ ಸಾಲಲ್ಲ, ಆರಿಸಲೇಬೇಕು, ಒಪ್ಪಿದೆ. ಹಾಗಾದ್ರೆ ಫೋಟೋ, ಕಥೆ ಎರಡೂ ಕಾಲಮ್ ಡಿಲೀಟ್ ಮಾಡಿ. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್ ಹತ್ರ ಬೇರೆ ಬೇರೆಯಾಗಿ ಕೇಳಿ, ಈ ವರ್ಷ ಯಾರ ಮನೆಯಲ್ಲಿ ಆಸ್ಪತ್ರೆ ಖರ್ಚು ಬಂತು, ಯಾರ ಕೂಲಿ ನಿಂತಿದೆ ಅಂತ. ಇಬ್ಬರೂ ಹೇಳಿದ ಹೆಸರು ಮೊದಲು, ಉಳಿದದ್ದಕ್ಕೆ ಚೀಟಿ ಎತ್ತಿ. ಗಿಫ್ಟ್ ಬಾಕ್ಸ್ ಬೇಡ, ಪೇಟೆ ಅಂಗಡಿಯಲ್ಲಿ ದುಡ್ಡು ಕಟ್ಟಿದ್ರೆ ಅವರಿಗೆ ಬೇಕಾದ್ದು ಅವರೇ ತಗೋತಾರೆ. ಕೊಟ್ಟವರು ಯಾರು, ತಗೊಂಡವರು ಯಾರು ಅಂತ ಇಬ್ಬರಿಗೂ ಗೊತ್ತಾಗೋದು ಬೇಡ.

"ಫೋಟೋ ಇಲ್ದಿದ್ರೆ ಜನ ದುಡ್ಡು ಕೊಡಲ್ಲ ಗುರೂ" ಅಂತಾನೆ ಇಂಥ ಡ್ರೈವ್ ನಡೆಸೋ ಗೆಳೆಯ. ಇರಬಹುದು. ಒಂದು ವರ್ಷ ಹಾಗೆ ನಡೆಸಿ ನೋಡೋಣ, ಎಷ್ಟು ಜನ ಉಳೀತೀವಿ ಅಂತ.