ಎಷ್ಟನೇ ಸರ್ಟಿಫಿಕೇಟು?

ಸ್ವಂತ ಚಾಟ್ ಸರ್ವರ್ ನಡೆಸುವವರು ಯಾರಾದರೂ ಸಿಕ್ಕರೆ ನಾನು ಮೊದಲು ಕೇಳುವುದು, ‘ಈಗಿರೋದು ಎಷ್ಟನೇ ಸರ್ಟಿಫಿಕೇಟು?’ ಎಂದು. ಮೊದಲನೆಯದು ಎಂದರೆ ‘ಒಳ್ಳೇದಾಗ್ಲಿ’ ಅಂದು ಕಾಫಿ ಕೊಟ್ಟು ಕಳಿಸುತ್ತೇನೆ. ಏಳನೆಯದೋ ಎಂಟನೆಯದೋ ಎಂದರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ. ಸರ್ವರಿನ ಗುರುತಿನ ಚೀಟಿ ಅದು; ಮೊದಲನೆಯದನ್ನು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಪಡೆಯಬಹುದು. ಎರಡನೆಯದು ತಾನಾಗಿ ಬಂದು, ತನ್ನ ಜಾಗದಲ್ಲಿ ಕೂತು, ಮನೆಮಂದಿಗೆ ಸುಳಿವೇ ಸಿಗದೆ ಹೋದರೆ ಆಗ ಆಸಾಮಿಗೆ ಕೆಲಸ ಬರುತ್ತದೆ ಎಂದು ಒಪ್ಪುತ್ತೇನೆ.

ನನ್ನ ಎರಡನೆಯದು ಕೈಕೊಟ್ಟಿತ್ತು.

ಮೈಸೂರಿನ ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪುಟ್ಟ ಕಂಪ್ಯೂಟರ್ ಒಂದು ಹಗಲೂ ರಾತ್ರಿ ಓಡುತ್ತಿರುತ್ತದೆ. ಅದರಲ್ಲಿ ಪ್ರೊಸೊಡಿ ಎಂಬ ಎಕ್ಸ್‌ಎಂಪಿಪಿ ಸರ್ವರ್ ಇದೆ. ಎಕ್ಸ್‌ಎಂಪಿಪಿ ಎಂದರೆ ಜೆರೆಮಿ ಮಿಲ್ಲರ್ 1999ರಲ್ಲಿ ಜ್ಯಾಬರ್ ಎಂಬ ಹೆಸರಲ್ಲಿ ಹೊರತಂದ ಚಾಟ್ ಭಾಷೆ, ಇವತ್ತಿಗೂ ಗಟ್ಟಿಯಾಗಿದೆ. ಬಳಸುವವರು ನಮ್ಮ ಬಳಗದ ಹನ್ನೊಂದು ಜನ. ಸಾಗರದ ಚಿಕ್ಕಮ್ಮ ಅವರಲ್ಲಿ ಅತ್ಯಂತ ನಿಷ್ಠಾವಂತೆ, ಹಾಗಾಗಿ ಏನು ಕೆಟ್ಟರೂ ಮೊದಲು ಗೊತ್ತಾಗುವುದು ಅವಳಿಗೇ. ಒಂದು ದಿನ ಬೆಳಿಗ್ಗೆ ಆರೂವರೆಗೆ ಫೋನು. ‘ಏನೋ ಮಾರಾಯ, ನಿನ್ನ ಆಪು ಈ ಸರ್ಟಿಫಿಕೇಟನ್ನ ನಂಬ್ಲಾ ಬೇಡ್ವಾ ಅಂತ ಕೇಳ್ತಾ ಇದೆ. ಎಂತ ಒತ್ತಲಿ?’

‘ಎಂತದೂ ಒತ್ತಬೇಡ ಚಿಕ್ಕಮ್ಮ, ಹತ್ತು ನಿಮಿಷ ತಡಿ’ ಎಂದು ಅಟ್ಟ ಹತ್ತಿದೆ. ನೋಡಿದರೆ ಡಿಸ್ಕಿನಲ್ಲಿ ಹೊಸ ಸರ್ಟಿಫಿಕೇಟು ಮೂವತ್ತು ದಿನದಿಂದ ಹಾಯಾಗಿ ಮಲಗಿದೆ! ತೊಂಬತ್ತು ದಿನದ ಆಯುಸ್ಸಿನಲ್ಲಿ ಮೂವತ್ತು ದಿನ ಉಳಿದಿರುವಾಗಲೇ ಸರ್ಟ್‌ಬಾಟ್ ಎಂಬ ತಂತ್ರಾಂಶ ಹೊಸದನ್ನು ತಂದಿಡುತ್ತದೆ. ಅದು ತಂದಿತ್ತು, ತಪ್ಪು ಅದರದ್ದಲ್ಲ. ತಂದದ್ದನ್ನು ಪ್ರೊಸೊಡಿಗೆ ಯಾರೂ ಹೇಳಿರಲಿಲ್ಲ. ಅದು ಮೂರು ತಿಂಗಳ ಹಿಂದೆ ಓದಿಕೊಂಡದ್ದನ್ನೇ ನೆನಪಿನಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿತ್ತು. ಅವಧಿ ಮುಗಿಯುವವರೆಗೂ ಯಾವ ಫೋನೂ ಆಕ್ಷೇಪ ಎತ್ತಲಿಲ್ಲ.

ಪ್ರೊಸೊಡಿಯವರು ಇದಕ್ಕೆಂದೇ ಒಂದು ಆದೇಶ ಕೊಟ್ಟಿದ್ದಾರೆ, ಸರ್ಟ್ ಇಂಪೋರ್ಟ್ ಅಂತ. ಸರ್ಟ್‌ಬಾಟ್‌ನ ಕಡತಗಳನ್ನು ರೂಟ್ ಬಿಟ್ಟು ಬೇರೆಯವರು ಮುಟ್ಟುವಂತಿಲ್ಲ. ಪ್ರೊಸೊಡಿ ಓಡುವುದು ತನ್ನದೇ ಬೇರೆ ಬಳಕೆದಾರನ ಹೆಸರಲ್ಲಿ. ಈ ಆದೇಶ ಕಡತಗಳನ್ನು ಪ್ರೊಸೊಡಿಯ ಜಾಗಕ್ಕೆ ನಕಲು ಮಾಡಿ, ಅದಕ್ಕೆ ಓದಲು ಹಕ್ಕು ಕೊಟ್ಟು, ‘ಮತ್ತೊಮ್ಮೆ ಓದಿಕೋ’ ಎನ್ನುತ್ತದೆ. ಪ್ರತಿ ನವೀಕರಣ ಆದಮೇಲೆ ಇದು ತಾನೇ ನಡೆಯುವಂತೆ ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್‌ನಲ್ಲಿ ಬರೆದಿಡಬೇಕು. ಒಂದೇ ಸಾಲು. ಆ ಸಾಲು ಬರೆಯದೆ, ಕಡತವನ್ನು ಎಲ್ಲರೂ ಓದುವಂತೆ ಬಿಚ್ಚಿಟ್ಟು ‘ಕೆಲಸ ಮಾಡ್ತಿದೆಯಲ್ಲ’ ಅನ್ನುವವರನ್ನೂ ಕಂಡಿದ್ದೇನೆ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ.

ನನ್ನ ಸರ್ಟಿಫಿಕೇಟು ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್. ಅದು 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ಬಾಗಿಲು ತೆರೆಯುವವರೆಗೆ ಸರ್ಟಿಫಿಕೇಟು ಎಂದರೆ ಬಹುತೇಕ ದುಡ್ಡಿನ ಬಾಬತ್ತು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಫಾರಂ ತುಂಬಿ, ಈಮೇಲಿಗೆ ಕಾದು, ಬಂದದ್ದನ್ನು ಕೈಯಾರೆ ಹಾಕಿ, ಹೇಗೆ ಹಾಕಿದೆವು ಎಂಬುದನ್ನು ಮುಂದಿನ ಸಲದ ಹೊತ್ತಿಗೆ ಪೂರ್ತಿ ಮರೆತಿರುತ್ತಿದ್ದೆವು. ಇವರು ಬಿಟ್ಟಿ ಕೊಟ್ಟರು, ಆದರೆ ತೊಂಬತ್ತೇ ದಿನಕ್ಕೆ. ಕೈಯಲ್ಲಿ ಮಾಡಿ ಸಾಯಬೇಡಿ, ಯಂತ್ರಕ್ಕೆ ಬಿಡಿ ಎಂಬುದು ಅದರ ಇಂಗಿತ. ‘ಅವಧಿ ಮುಗಿಯುತ್ತಿದೆ’ ಎಂದು ಅವರು ಕಳಿಸುತ್ತಿದ್ದ ಈಮೇಲು ಕೂಡ 2025ರ ಜೂನ್ 4ಕ್ಕೆ ನಿಂತುಹೋಯಿತು. ಮುಂದೆ ಇನ್ನೂ ಬಿಗಿಯಾಗಲಿದೆ: ಸರ್ಟಿಫಿಕೇಟು ಕೊಡುವವರೂ ಬ್ರೌಸರ್ ಮಾಡುವವರೂ ಸೇರಿದ ವೇದಿಕೆ 2025ರ ಏಪ್ರಿಲಿನಲ್ಲಿ ತೀರ್ಮಾನಿಸಿದಂತೆ, 2029ರ ಮಾರ್ಚ್ 15ರಿಂದ ಯಾರ ಸರ್ಟಿಫಿಕೇಟೂ 47 ದಿನಕ್ಕಿಂತ ಹೆಚ್ಚು ಬಾಳುವಂತಿಲ್ಲ. ಗೊಣಗುವವರು ಗೊಣಗುತ್ತಿದ್ದಾರೆ. ದಿನಾ ರಾತ್ರಿ ಹಾಲಿಗೆ ಹೆಪ್ಪು ಹಾಕುವ ಮನೆಯಲ್ಲಿ ಮೊಸರಿನ ಚಿಂತೆ ಇರುವುದಿಲ್ಲ. ತಿಂಗಳಿಗೊಮ್ಮೆ ಹಾಕುವವರಿಗೇ ಹೆಪ್ಪು ಎಲ್ಲಿ ಎಂಬ ಹುಡುಕಾಟ.

ಇನ್ನು ಹೆಸರಿನ ವಿಷಯ. ವೆಬ್‌ಸೈಟ್ ನಡೆಸಿ ಪಳಗಿದವರೂ ಚಾಟ್ ಸರ್ವರಿಗೆ ಬಂದಾಗ ಮುಗ್ಗರಿಸುವುದು ಇಲ್ಲೇ. ಚಿಕ್ಕಮ್ಮನ ವಿಳಾಸದಲ್ಲಿ ‘ಅಟ್’ ಚಿಹ್ನೆಯ ಬಲಗಡೆ ಇರುವುದು ನಮ್ಮ ಮನೆತನದ ಡೊಮೇನ್. ಸರ್ವರ್ ಓಡುವ ಯಂತ್ರದ ಹೆಸರು ಬೇರೆ. ಡಿಎನ್‌ಎಸ್‌ನ ಎಸ್‌ಆರ್‌ವಿ ದಾಖಲೆ ನೋಡಿ ಆಪು ಆ ಯಂತ್ರ ಹುಡುಕಿಕೊಂಡು ಹೋಗುತ್ತದೆ. ಸರ್ಟಿಫಿಕೇಟಿನಲ್ಲಿ ಮಾತ್ರ ಯಂತ್ರದ ಹೆಸರಿದ್ದರೆ ಸಾಲದು, ವಿಳಾಸದಲ್ಲಿರುವ ಡೊಮೇನೇ ಇರಬೇಕು. ಮದುವೆ ಛತ್ರ ಯಾರದಾದರೇನು, ಕರೆಯೋಲೆಯ ಮೇಲೆ ಮನೆಯವರ ಹೆಸರು ಇರಬೇಕಲ್ಲ. ಗುಂಪು ಹರಟೆಗೆ ಒಂದು ಉಪಡೊಮೇನ್, ಫೋಟೊ ಏರಿಸಲು ಇನ್ನೊಂದು ಎಂದು ಮಾಡಿಕೊಂಡಿದ್ದರೆ ಆ ಹೆಸರುಗಳೂ ಸೇರಬೇಕು. ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ ತಂದರೆ ಎಲ್ಲ ಬಂತು ಎಂದುಕೊಳ್ಳಬೇಡಿ: ಅದು ಒಂದೇ ಮಟ್ಟದ ಉಪಡೊಮೇನುಗಳಿಗೆ ಮಾತ್ರ, ಮೂಲ ಡೊಮೇನ್ ಅದರಲ್ಲಿ ಸೇರುವುದಿಲ್ಲ. (ಕನ್ನಡ ಲಿಪಿಯ ‘.ಭಾರತ’ ಡೊಮೇನ್ ಕೊಂಡ ಅಭಿಮಾನಿಗಳಿಗೆ ಒಂದು ಮಾತು: ಸರ್ಟಿಫಿಕೇಟಿನೊಳಗೆ ನಿಮ್ಮ ಹೆಸರು ‘ಎಕ್ಸ್‌ಎನ್’ ಎಂದು ಶುರುವಾಗುವ ರೋಮನ್ ಅಕ್ಷರಗಳ ಕಗ್ಗವಾಗಿ ಕೂತಿರುತ್ತದೆ. ಗಾಬರಿ ಬೇಡ, ಅದು ನೀವೇ.)

ನಮ್ಮ ಇಂಟರ್‌ನೆಟ್ ಕಂಪನಿಯವರು ಸ್ಥಿರ ಐಪಿಗೆ ಬೇರೆ ದುಡ್ಡು ವಸೂಲಿ ಮಾಡಿದ ಮೇಲೂ 80ನೇ ಪೋರ್ಟನ್ನು ಮುಚ್ಚಿಯೇ ಇಟ್ಟಿದ್ದಾರೆ. ಹಾಗಾಗಿ ಆ ಬಾಗಿಲಲ್ಲಿ ಗುರುತು ಇಟ್ಟು ‘ಡೊಮೇನ್ ನನ್ನದೇ’ ಎಂದು ರುಜುವಾತು ಮಾಡುವ ಸುಲಭದ ದಾರಿ ನನಗಿಲ್ಲ. ಡಿಎನ್‌ಎಸ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಹೇಳಿದ ಸಾಲೊಂದನ್ನು ಬರೆದು ತೋರಿಸಬೇಕು. ವೈಲ್ಡ್‌ಕಾರ್ಡಿಗಂತೂ ಅದೊಂದೇ ದಾರಿ. ತೊಡಕು ಏನೆಂದರೆ, ಇದನ್ನು ಯಂತ್ರವೇ ಮಾಡಬೇಕಾದರೆ ನಿಮ್ಮ ಇಡೀ ಡಿಎನ್‌ಎಸ್‌ನ ಕೀಲಿಯನ್ನು ಅಟ್ಟದ ಕಂಪ್ಯೂಟರಿನಲ್ಲಿ ಇಡಬೇಕಾಗುತ್ತದೆ. ನನ್ನ ಆಯ್ಕೆ: ಆ ಸಾಲಿನ ಹೆಸರನ್ನು ಮಾತ್ರ ಸಿನೇಮ್ ದಾಖಲೆಯಿಂದ ಬೇರೊಂದು ಪುಟ್ಟ ವಲಯಕ್ಕೆ ತಿರುಗಿಸಿ, ಅದರ ಕೀಲಿಯನ್ನಷ್ಟೇ ಯಂತ್ರದ ಕೈಗೆ ಕೊಡುವುದು. ತಿಜೋರಿ ಕೊಡದೆ ಚಿಲ್ಲರೆ ಡಬ್ಬಿ ಕೊಟ್ಟಂತೆ.

ಇನ್ನು ಸರ್ಟಿಫಿಕೇಟುಗಳ ಸರಪಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಫುಲ್‌ಚೈನ್’ ಕಡತವನ್ನೇ ಕೊಡಿ. ಬರೀ ನಿಮ್ಮ ಸರ್ಟಿಫಿಕೇಟು ಕೊಟ್ಟರೆ ನಡುವಿನ ಕೊಂಡಿ ಕಾಣದೆ ಫೋನಿನ ಆಪುಗಳು ತಕರಾರು ಮಾಡುತ್ತವೆ. ಫೋನು, ಕಂಪ್ಯೂಟರುಗಳು ನಂಬುವ ಮೂಲ ಸಂಸ್ಥೆಗಳ ಪಟ್ಟಿ ಉದ್ದವಿದೆ. ಮೊಜಿಲ್ಲಾದ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಇಮುದ್ರಾ ಕಂಪನಿಯೂ ಇದೆ ಎಂದು ಕಂಡಾಗ ಸ್ವಲ್ಪ ಹೆಮ್ಮೆಯಾಯಿತು, ಬಳಸುವುದು ಬೇರೆಯವರದ್ದಾದರೂ.

ಹಾಗಾದರೆ ಬೀಗದ ಚಿಹ್ನೆ ಕಂಡರೆ ನೆಮ್ಮದಿಯೇ? ರಷ್ಯದ ಹಳೆಯ ಎಕ್ಸ್‌ಎಂಪಿಪಿ ಸೇವೆ ಜ್ಯಾಬರ್.ಆರ್‌ಯುನಲ್ಲಿ ನಡೆದದ್ದು ಕೇಳಿ. 2023ರ ಅಕ್ಟೋಬರ್ 16ರಂದು, ಚಾಟ್ ಆಪುಗಳು ಬರುವ 5222ನೇ ಪೋರ್ಟಿಗೆ ಸಂಪರ್ಕಿಸಿದರೆ ‘ಸರ್ಟಿಫಿಕೇಟಿನ ಅವಧಿ ಮುಗಿದಿದೆ’ ಎಂದು ಬಂತು. ನಡೆಸುವವರು ಸರ್ವರಿನೊಳಗೆ ಹೋಗಿ ನೋಡಿದರೆ ಎಲ್ಲ ಸರ್ಟಿಫಿಕೇಟೂ ತಾಜಾ. ಹೊರಗಿನಿಂದ ಕಾಣುತ್ತಿದ್ದದ್ದು ಅವರದ್ದಲ್ಲವೇ ಅಲ್ಲ! ಜರ್ಮನಿಯಲ್ಲಿ ಬಾಡಿಗೆಗೆ ಪಡೆದ ಸರ್ವರುಗಳವು. ಅವುಗಳ ಮುಂದೆ ಯಾರೋ ಜಾಲದ ನಡುವೆಯೇ ಕೂತು, ಅದೇ ಹೆಸರಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸಾಚಾ ಸರ್ಟಿಫಿಕೇಟು ಪಡೆದು, ಬರುವ ಮಾತನ್ನೆಲ್ಲ ಬಿಚ್ಚಿ ಓದಿ ಮತ್ತೆ ಮುಚ್ಚಿ ಕಳಿಸುತ್ತಿದ್ದರು. ಖಚಿತವಾಗಿ 90 ದಿನ, ಬಹುಶಃ ಆರು ತಿಂಗಳು. ಪೊಲೀಸ್ ಕೋರಿಕೆಯ ಮೇಲೆ ನಡೆದ ಕದ್ದಾಲಿಕೆ ಇರಬೇಕು ಎಂದು ಪತ್ತೆಮಾಡಿದವರು ಊಹಿಸಿದರು.

ಕದ್ದಾಲಿಸಿದವರು ಸಿಕ್ಕಿಬಿದ್ದದ್ದು ಹೇಗೆ? ಸರ್ಟಿಫಿಕೇಟನ್ನು ನವೀಕರಿಸಲು ಮರೆತರು. ಅಟ್ಟದ ಮೇಲೆ ನಾನು ಮಾಡಿದ್ದೂ ಅವರು ಮಾಡಿದ್ದೂ ಒಂದೇ ಜಾತಿಯ ತಪ್ಪು. ಆ ಸರ್ಟಿಫಿಕೇಟಿಗೆ ಮೂರು ವರ್ಷದ ಆಯುಸ್ಸು ಇದ್ದಿದ್ದರೆ ಇವತ್ತಿಗೂ ಕೇಳುತ್ತಿದ್ದರೋ ಏನೋ. ತೊಂಬತ್ತು ದಿನ ಸಾಲದು ಎಂದು ಗೊಣಗುವವರಿಗೆ ನಾನು ಹೇಳುವ ಕಥೆ ಇದೇ.

ಈ ಪ್ರಕರಣ ಓದಿದ ಮೇಲೆ ನನ್ನ ಡಿಎನ್‌ಎಸ್‌ಗೆ ಸಿಎಎ ದಾಖಲೆ ಸೇರಿತು. ಈ ಡೊಮೇನಿಗೆ ಲೆಟ್ಸ್ ಎನ್‌ಕ್ರಿಪ್ಟ್ ಮಾತ್ರ ಸರ್ಟಿಫಿಕೇಟು ಕೊಡಬಹುದು, ಅದೂ ಇಂಥ ಖಾತೆಯಿಂದ ಕೇಳಿದರೆ ಮಾತ್ರ ಎಂದು ಅದರಲ್ಲಿ ಬರೆಯಬಹುದು. ಖಾತೆಯ ಕೀಲಿ ನನ್ನ ಅಟ್ಟದಲ್ಲಿರುವುದರಿಂದ, ದಾರಿಯಲ್ಲಿ ಕೂತವನು 80ನೇ ಪೋರ್ಟಿನ ಉತ್ತರ ಫೋರ್ಜರಿ ಮಾಡಿದರೂ ಪ್ರಯೋಜನವಿಲ್ಲ. ಹೊರಬಿದ್ದ ಸರ್ಟಿಫಿಕೇಟುಗಳೆಲ್ಲ ಸಾರ್ವಜನಿಕ ದಾಖಲೆಗೆ ಸೇರುತ್ತವೆ. ಸಂಕ್ರಾಂತಿಗೊಮ್ಮೆ ಯುಗಾದಿಗೊಮ್ಮೆ ಅಲ್ಲಿ ನಮ್ಮ ಡೊಮೇನ್ ಹುಡುಕಿ ನಾನು ಕೇಳದ್ದು ಏನಾದರೂ ಇದೆಯೇ ನೋಡುತ್ತೇನೆ. ಅದೇ ದಾಖಲೆಯನ್ನು ಇಡೀ ಲೋಕವೂ ನೋಡುತ್ತದೆ. ಉಪಡೊಮೇನಿಗೆ ‘ಅಮ್ಮನ-ಒಡವೆ-ಫೋಟೊ’ ಎಂದೆಲ್ಲ ಹೆಸರಿಡಬೇಡಿ.

ಕೊನೆಗೆ ಕಣ್ಗಾವಲು. ಡಿಸ್ಕಿನಲ್ಲಿರುವ ಕಡತದ ತಾರೀಖು ನೋಡಿ ನಂಬುವುದನ್ನು ಚಿಕ್ಕಮ್ಮನ ಫೋನು ಬಂದ ಆವತ್ತಿಗೇ ಬಿಟ್ಟೆ. ಮನೆಯ ಹೊರಗಿನ ಬೇರೊಂದು ಯಂತ್ರ ದಿನಕ್ಕೊಮ್ಮೆ ಓಪನ್‌ಎಸ್‌ಎಸ್‌ಎಲ್ ಬಳಸಿ, 5222ನೇ ಪೋರ್ಟಿಗೆ ಚಿಕ್ಕಮ್ಮನ ಫೋನಿನ ಹಾಗೆಯೇ ಬಂದು ಬಾಗಿಲು ತಟ್ಟಿ, ಎದುರಿಗೆ ಬಂದ ಸರ್ಟಿಫಿಕೇಟಿನಲ್ಲಿ ಎಷ್ಟು ದಿನ ಬಾಕಿ ಇದೆ ಎಂದು ಎಣಿಸುತ್ತದೆ. ಇಪ್ಪತ್ತೈದಕ್ಕಿಂತ ಕಡಿಮೆಯಾದರೆ ನನಗೆ ಎಸ್ಸೆಮ್ಮೆಸ್ಸು. ಚಾಟ್ ಸರ್ವರಿನ ದೂರನ್ನು ಅದೇ ಚಾಟ್ ಸರ್ವರಿನಲ್ಲಿ ಕಳಿಸುವ ಜಾಣತನವನ್ನೂ ಒಮ್ಮೆ ಮಾಡಿ ನೋಡಿದ್ದೇನೆ, ಬಿಡಿ.

ಹನ್ನೊಂದನೆಯ ಸರ್ಟಿಫಿಕೇಟು ಈ ಮಂಗಳವಾರ ನಸುಕಿನಲ್ಲಿ ಬಂದು ಕೂತಿದೆ. ಬೆಳಿಗ್ಗೆ ಆರೂವರೆಗೆ ಚಿಕ್ಕಮ್ಮನ ಮೆಸೇಜು ಬಂತು. ತೆರೆದು ನೋಡಿದರೆ ಹಪ್ಪಳ ಒಣಹಾಕಿದ ಫೋಟೊ, ಕೆಳಗೆ ‘ಮಳೆ ಬರುವ ಹಾಗಿದೆ’.