ಅಯೋಡಿನ್ ಸಂಖ್ಯೆಗೆ ಗೊತ್ತಿಲ್ಲದ ಮಳೆಗಾಲ

ಅಂಬರನಾಥದ ಎಂಐಡಿಸಿ ಕೈಗಾರಿಕಾ ಪ್ರದೇಶದಂಥ ಕಡೆ ದ್ರಾವಕದ ಆವಿ ಹಿಡಿಯಲು ಆಕ್ಟಿವೇಟೆಡ್ ಕಾರ್ಬನ್ ಕೊಳ್ಳುವವರ ಕಣ್ಣು ಸರ್ಟಿಫಿಕೇಟಿನ ಒಂದು ಅಂಕಿಯ ಮೇಲಿರುತ್ತದೆ: ಅಯೋಡಿನ್ ಸಂಖ್ಯೆ. ತಿಪಟೂರಿನ ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುತ್ತದಲ್ಲ, ಅಂಥ ತೆಂಗಿನ ಚಿಪ್ಪಿನ ಇದ್ದಿಲನ್ನು ಬಿಸಿ ಹಬೆಯಲ್ಲಿ ಪಳಗಿಸಿದ ಒಳ್ಳೆಯ ಕಾರ್ಬನ್‌ಗೆ ಅದು 1000ದ ಆಸುಪಾಸು. ಅಂದರೆ ಗ್ರಾಂಗೆ ಅಷ್ಟು ಮಿಲಿಗ್ರಾಂ ಅಯೋಡಿನ್. ಕಾರ್ಬನ್ನನ್ನು ಅಯೋಡಿನ್ ದ್ರಾವಣದಲ್ಲಿ ಅಲ್ಲಾಡಿಸಿ, ಸೋಸಿ, ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಟ್ಟು, ಪಿಷ್ಟದ ನೀಲಿ ಮಾಯವಾದೊಡನೆ ನಿಲ್ಲಿಸುತ್ತಾರೆ. ಅಗ್ಗದ ಪರೀಕ್ಷೆ, ಬೇಗ ಮುಗಿಯುತ್ತದೆ. ತೊಡಕೊಂದೇ: ನಡೆಯುವುದೆಲ್ಲ ನೀರಿನಲ್ಲಿ, ಅನಿಲದ ಸುಳಿವೇ ಇಲ್ಲ.

ಮೇಲ್ಮೈ ಅಳೆಯುವ ಬಿಇಟಿ ವಿಧಾನದ ಘನತೆ ಬೇರೆ, ಅಲ್ಲಿ ಬಳಸುವುದು ಅನಿಲವನ್ನೇ. ಬ್ರೂನಾವರ್, ಎಮ್ಮೆಟ್, ಟೆಲ್ಲರ್ 1938ರಲ್ಲಿ ಕೊಟ್ಟದ್ದು. ನಿರ್ವಾತದಲ್ಲಿ ಕಾಯಿಸಿ ಒಣಗಿಸಿದ ಮಾದರಿಯ ನಳಿಗೆಯನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ, ಮೈನಸ್ 196 ಡಿಗ್ರಿಯಲ್ಲಿ ಸಾರಜನಕ ಅನಿಲವನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾರೆ. ಅಂಟಿಕೊಂಡ ಅಣುಗಳ ಲೆಕ್ಕದಿಂದ ಮೇಲ್ಮೈಯ ವಿಸ್ತೀರ್ಣ ಸಿಗುತ್ತದೆ. ಆದರೆ ಆ ಸಿದ್ಧಾಂತ ಬಯಲು ಮೇಲ್ಮೈಗಳಿಗೆ ಕಟ್ಟಿದ್ದು. ಅತಿ ಸಣ್ಣ ರಂಧ್ರಗಳಲ್ಲಿ ಅಣುಗಳು ಪದರಪದರವಾಗಿ ಕೂರುವುದಿಲ್ಲ, ರಂಧ್ರವನ್ನೇ ತುಂಬಿಬಿಡುತ್ತವೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲೇ ಅಳೆದಿಟ್ಟ 18 ದತ್ತಾಂಶಗಳನ್ನು 61 ಪ್ರಯೋಗಾಲಯಗಳಿಗೆ ಕೊಟ್ಟು ಲೆಕ್ಕ ಹಾಕಿಸಿದರು. ಅವೇ ದತ್ತಾಂಶ, ಉತ್ತರಗಳು ಮಾತ್ರ ದಿಕ್ಕಾಪಾಲು.

ಅಂಬರನಾಥದಲ್ಲೇ ಇರುವ ಡಿಆರ್‌ಡಿಒದ ನೌಕಾ ಸಾಮಗ್ರಿ ಪ್ರಯೋಗಾಲಯ ಜಲಾಂತರ್ಗಾಮಿಗಳಿಗೆಂದು ಫಾಸ್ಫಾರಿಕ್ ಆಮ್ಲದ ಇಂಧನಕೋಶ ರೂಪಿಸಿದೆ. ವಿಸ್ತೀರ್ಣದ ಅಂಕಿಯನ್ನೇ ನಂಬಬಾರದೆಂಬ ಮಾತು ಅಂಥ ಕೋಶಗಳಲ್ಲಿ ಪ್ಲಾಟಿನಂ ಹೊತ್ತ ಇಂಗಾಲಕ್ಕೂ ಸಲ್ಲುತ್ತದೆ: ಸಾರಜನಕ ನುಗ್ಗುವ ರಂಧ್ರಕ್ಕೆ ಆಮ್ಲ ತಲುಪದಿದ್ದರೆ ಅಲ್ಲಿ ಕೂತ ಪ್ಲಾಟಿನಂ ದಂಡ, ವಿಸ್ತೀರ್ಣದ ಅಂಕಿ ಮಾತ್ರ ಆ ರಂಧ್ರವನ್ನೂ ಸೇರಿಸಿಕೊಂಡೇ ದೊಡ್ಡದಾಗುತ್ತದೆ.

ಫಿಲ್ಟರಿನ ಕಾರ್ಬನ್‌ಗೆ ಮರಳಿದರೆ, ಒಂದು ಲಾಟನ್ನು ಇನ್ನೊಂದರ ಜೊತೆ ಹೋಲಿಸಲು ಅಯೋಡಿನ್ ಸಂಖ್ಯೆ, ಬಿಇಟಿ ವಿಸ್ತೀರ್ಣ ಈ ಎರಡು ಅಂಕಿಗಳೂ ಸಾಕು. ಫಿಲ್ಟರ್ ಎಷ್ಟು ದಿನ ಬಾಳುತ್ತದೆ ಎಂದು ಅವುಗಳಿಂದ ಹೇಳಹೊರಟರೆ ಕೆಟ್ಟೆವು. ಜುಲೈನಲ್ಲಿ ಅಂಬರನಾಥದ ಆರ್ದ್ರತೆ ಶೇ. 80 ದಾಟುತ್ತದೆ, ಟಾಲ್ವೀನ್‌ನಂಥ ದ್ರಾವಕ ಕೂರಬೇಕಾದ ರಂಧ್ರಗಳಲ್ಲಿ ನೀರಾವಿ ಜಾಗ ಹಿಡಿದಿರುತ್ತದೆ. ಒಣಗಿಸಿದ ಮಾದರಿಗೆ ಈ ಸಂಗತಿ ಗೊತ್ತೇ ಇಲ್ಲ. ಕೇಳಬೇಕಾದದ್ದು ಬ್ರೇಕ್‌ಥ್ರೂ ಪರೀಕ್ಷೆ: ಕಾರ್ಬನ್ ತುಂಬಿದ ಕೊಳವೆಯಲ್ಲಿ ಆವಿ ಬೆರೆತ ತೇವದ ಗಾಳಿ ಹರಿಸಿ, ಇನ್ನೊಂದು ತುದಿಯಲ್ಲಿ ದ್ರಾವಕ ಕಾಣಿಸಿಕೊಳ್ಳುವ ತನಕದ ಹೊತ್ತು ಅಳೆಯುವುದು. ಅದಕ್ಕೆ ಖರ್ಚು ಹೆಚ್ಚು, ತಾಳ್ಮೆಯೂ ಬೇಕು. ಅದನ್ನೂ ಒಂದೇ ದ್ರಾವಕದಲ್ಲಿ ಮಾಡಿ ಮುಗಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಮಿಶ್ರಣದಲ್ಲಿ ಭಾರದ ಟಾಲ್ವೀನ್ ಬಂದು, ಮೊದಲೇ ಕೂತಿದ್ದ ಅಸಿಟೋನನ್ನು ಎಬ್ಬಿಸುತ್ತದೆ. ಆಗ ಫಿಲ್ಟರಿನ ಒಳಗೆ ಹೋಗುವುದಕ್ಕಿಂತ ಹೆಚ್ಚು ಅಸಿಟೋನ್ ಹೊರಗೆ ಬರುವುದೂ ಉಂಟು.